ಹೊಸ ಕಲ್ಲುಹಾಸಿನ ಮೇಲೆ ಕಲೆ: ಆಸಿಡ್ ಸುರಿಯುವ ಮುನ್ನ ಕಾರಣ ಹುಡುಕಿ

ಅನುಗೊಂಡನಹಳ್ಳಿ: ಗೃಹಪ್ರವೇಶಕ್ಕೆಂದು ಅಂಗಳಕ್ಕೆ ಕಲ್ಲು ಹಾಸಿಸಿ ತಿಂಗಳು ತುಂಬಿರುವುದಿಲ್ಲ. ಒಂದು ಮಳೆ ಬಂದು ಹೋದ ಮರುದಿನ ಕಲ್ಲಿನ ಮೇಲೆ ಬಿಳಿಯ ಪುಡಿ ಮೂಡಿರುತ್ತದೆ. ಚಪ್ಪಡಿಗಳ ಅಂಚು ಎಣ್ಣೆ ಕುಡಿದಂತೆ ಕಪ್ಪಾಗಿರುತ್ತದೆ. ಮತ್ತೊಂದು ಮೂಲೆಯಲ್ಲಿ ಹಳದಿ ಮಚ್ಚೆಗಳು ಕಾಣಿಸುತ್ತವೆ. ಕಲ್ಲೇ ಕಳಪೆಯೆಂದು ಮಾರಾಟಗಾರನ ಮೇಲೆ ದೂರು ಹೋಗುತ್ತದೆ. ಗಾರೆ ಸರಿಯಿಲ್ಲವೆಂದು ಮೇಸ್ತ್ರಿಯ ಬಾಕಿ ಕೂಲಿ ನಿಲ್ಲುತ್ತದೆ. ಕೊನೆಗೆ ಯಾರದೋ ಸಲಹೆಯಂತೆ ಬಚ್ಚಲು ತೊಳೆಯುವ ಆಸಿಡ್ ತಂದು ಸುರಿಯಲಾಗುತ್ತದೆ. ತಾನಾಗಿಯೇ ಮಾಯವಾಗಬಹುದಾಗಿದ್ದ ಕಲೆ ಅಂದಿನಿಂದ ಶಾಶ್ವತವಾಗಿ ನೆಲೆ ನಿಲ್ಲುತ್ತದೆ.

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯಂತಹ, ಬೆಂಗಳೂರಿನ ಅಂಚಿಗೆ ಬಂದು ನಿಂತಿರುವ ಪ್ರದೇಶಗಳಲ್ಲಿ ಹೊಸ ಮನೆಗಳು ಏಳುತ್ತಲೇ ಇವೆ. ಮನೆಯ ಮುಂದಿನ ಅಂಗಳ, ಕಾರು ನಿಲ್ಲಿಸುವ ಜಾಗ, ತುಳಸಿಕಟ್ಟೆಯ ಸುತ್ತ ಕಲ್ಲು ಹಾಸಿಸುವುದು ಈಗ ಸಾಮಾನ್ಯ ಸಂಗತಿ. ನಗರದಲ್ಲೂ ಕಲ್ಲಿನ ನೆಲ ಮರಳಿ ಬಂದಿದೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಗ್ರಾನೈಟ್ ಕಲ್ಲುಹಾಸಿನೊಂದಿಗೆ ಹೊಸ ರೂಪ ಪಡೆಯಿತು. ಕಲ್ಲಿನ ಬಳಕೆ ಹೆಚ್ಚಿದಂತೆ ಅದರ ಸ್ವಭಾವವನ್ನು ಅರಿಯುವ ಅಗತ್ಯವೂ ಹೆಚ್ಚಿದೆ.

ಹಿಂದಿಲ್ಲದ ಸಮಸ್ಯೆ ಈಗೇಕೆ?

ಹಳೆಯ ಮನೆಗಳ ಜಗಲಿಯಲ್ಲೂ ದೇವಾಲಯಗಳ ಪ್ರಾಕಾರದಲ್ಲೂ ಕಲ್ಲೇ ಇತ್ತು. ಅಲ್ಲಿ ಇಂತಹ ಕಲೆಗಳ ಮಾತು ಅಷ್ಟಾಗಿ ಕೇಳಿಬರುತ್ತಿರಲಿಲ್ಲ. ಉಳಿಯಿಂದ ಸೀಳಿ ತೆಗೆದ ದಪ್ಪ ಚಪ್ಪಡಿಗಳನ್ನು ಬಹುತೇಕ ಮಣ್ಣು ಅಥವಾ ಮರಳಿನ ಮೇಲೆ ನೇರವಾಗಿ ಕೂರಿಸಲಾಗುತ್ತಿತ್ತು. ಬಿದ್ದ ನೀರು ಸಂದುಗಳಲ್ಲಿ ಇಳಿದು ನೆಲ ಸೇರುತ್ತಿತ್ತು.

ಈಗಿನ ಕ್ರಮ ಬೇರೆ. ಯಂತ್ರದಲ್ಲಿ ಕೊಯ್ದ 16ರಿಂದ 20 ಮಿಲಿಮೀಟರ್ ದಪ್ಪದ ತೆಳು ಕಲ್ಲನ್ನು ಕಾಂಕ್ರೀಟ್ ನೆಲದ ಮೇಲೆ, ಸಿಮೆಂಟ್ ಗಾರೆಯಲ್ಲಿ ಕೂರಿಸಲಾಗುತ್ತದೆ. ಕೆಳಗೆ ಕಾಂಕ್ರೀಟ್ ಇರುವುದರಿಂದ ಗಾರೆಯಲ್ಲಿನ ನೀರು ಕೆಳಗಿಳಿಯಲಾರದು. ಅದಕ್ಕೆ ಉಳಿದಿರುವ ದಾರಿ ಮೇಲಕ್ಕೆ, ಅಂದರೆ ಕಲ್ಲಿನ ಮೂಲಕ ಮತ್ತು ಸಂದುಗಳ ಮೂಲಕ. ಒಳಾಂಗಣದಲ್ಲಿ, ಒಳ್ಳೆಯ ಗಾಳಿಯಾಡುವ ಕಡೆ, ತೆರೆದ ಗಾರೆಯ ಹಾಸು ಒಣಗಲು ಮಿಲಿಮೀಟರಿಗೆ ಒಂದು ದಿನ ಎಂಬುದು ಕಟ್ಟಡ ಕೆಲಸದ ಸ್ಥೂಲ ಲೆಕ್ಕ. ಅಂದರೆ 50 ಮಿಲಿಮೀಟರ್ ದಪ್ಪದ ಹಾಸಿಗೆ ಸುಮಾರು 50 ದಿನ. ಮೇಲೆ ಕಲ್ಲು ಮುಚ್ಚಿದ್ದು, ನಡುನಡುವೆ ಮಳೆಯೂ ಬೀಳುತ್ತಿದ್ದರೆ ಇದು ಇನ್ನೂ ಹಲವು ತಿಂಗಳು ಎಳೆಯುತ್ತದೆ. ಹೊಸ ಕಲ್ಲುಹಾಸಿನ ಬಹುಪಾಲು ಕಲೆಗಳು ಈ ಒಣಗುವ ಅವಧಿಯಲ್ಲೇ ಕಾಣಿಸಿಕೊಳ್ಳುತ್ತವೆ.

ಕಲ್ಲೂ ನೀರು ಕುಡಿಯುತ್ತದೆ

ಬೆಂಗಳೂರು ಸುತ್ತಲಿನ ನೆಲದಡಿಯಲ್ಲಿ ಹರಡಿರುವುದು ಪೆನಿನ್ಸುಲಾರ್ ನೈಸ್ ಎಂಬ ಅತಿ ಪ್ರಾಚೀನ ಶಿಲೆ. ಲಾಲ್‌ಬಾಗಿನ ಬಂಡೆ ಇದರ ಪ್ರಸಿದ್ಧ ನಿದರ್ಶನ. ಸುಮಾರು 300 ಕೋಟಿ ವರ್ಷ ಹಳೆಯದೆಂದು ಗುರುತಿಸಲಾದ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ದೇವನಹಳ್ಳಿ ಭಾಗದ ಕೊಯಿರಾ ಮತ್ತು ಸಾದರಹಳ್ಳಿಯ ಬೂದು ಕಲ್ಲುಗಳು ಈ ಜಿಲ್ಲೆಯ ಕಟ್ಟಡಗಳಿಗೆ ಬಹುಕಾಲದಿಂದ ಬಳಕೆಯಾಗುತ್ತಿವೆ. ಇವುಗಳ ಜೊತೆಗೆ ಆಂಧ್ರದ ಕಡಪ ಕಲ್ಲು, ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ ಕಲ್ಲುಗಳೂ ಅಂಗಡಿಗಳಲ್ಲಿ ಸಿಗುತ್ತವೆ.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಕೊಯಿರಾ, ಸಾದರಹಳ್ಳಿ ಕಲ್ಲುಗಳು ಗ್ರಾನೈಟ್ ವರ್ಗದವು. ಕಡಪ, ಶಹಾಬಾದ್, ಕೋಟಾ ಕಲ್ಲುಗಳು ಸುಣ್ಣಕಲ್ಲಿನ ವರ್ಗದವು. ಒಂದಕ್ಕೆ ಒಗ್ಗುವ ಚಿಕಿತ್ಸೆ ಇನ್ನೊಂದನ್ನು ಹಾಳುಗೆಡವಬಹುದು. ಯಾವ ವರ್ಗದ ಕಲ್ಲೆಂಬ ಅನುಮಾನವಿದ್ದರೆ ಉಳಿದ ಒಂದು ತುಂಡಿನ ಮೇಲೆ ನಾಲ್ಕು ಹನಿ ನಿಂಬೆರಸ ಹಾಕಿ ನೋಡಬಹುದು. ನೊರೆ ಎದ್ದರೆ, ಅಥವಾ ತೊಳೆದ ನಂತರ ಆ ಜಾಗ ಮಂಕಾಗಿ ಕಂಡರೆ ಅದು ಸುಣ್ಣಕಲ್ಲು.

ಗ್ರಾನೈಟ್ ಗಟ್ಟಿಯಾದ ಕಲ್ಲು. ಅದು ಹೀರುವ ನೀರು ಸಾಮಾನ್ಯವಾಗಿ ತನ್ನ ತೂಕದ ಶೇಕಡಾ ಅರ್ಧಕ್ಕಿಂತ ಕಡಿಮೆ. ಆದರೆ ಶೂನ್ಯವಲ್ಲ. ಕಾಲು ಜಾರದಿರಲೆಂದು ಬೆಂಕಿಯ ಜ್ವಾಲೆಯಲ್ಲಿ ಒರಟುಗೊಳಿಸಿದ ಕಲ್ಲಿನ ಮೇಲ್ಮೈಯಲ್ಲಿ ಸೂಕ್ಷ್ಮ ಬಿರುಕುಗಳಿರುವುದರಿಂದ ಅದು ನುಣುಪು ಕಲ್ಲಿಗಿಂತ ಹೆಚ್ಚು ನೀರು ಹೀರುತ್ತದೆ. ಅಂಗಳಕ್ಕೆ ಬಳಸುವುದು ಇದೇ ಒರಟು ಕಲ್ಲನ್ನೇ ಎಂಬುದು ನೆನಪಿನಲ್ಲಿರಬೇಕು.

ಬಿಳಿಯ ಪುಡಿ: ಗಾರೆಯ ಉಪ್ಪು

ಗೋಡೆಗೆ ಚೌಳು ಹಿಡಿದಿದೆ ಎಂದು ಹಳ್ಳಿಗಳಲ್ಲಿ ಹೇಳುವುದುಂಟು. ಕಲ್ಲುಹಾಸಿನ ಮೇಲಿನ ಬಿಳಿಯ ಪುಡಿಯೂ ಅದೇ ಜಾತಿಯದು. ಸಿಮೆಂಟ್ ನೀರಿನೊಡನೆ ಬೆರೆತು ಗಟ್ಟಿಯಾಗುವಾಗ ಒಂದಿಷ್ಟು ಸುಣ್ಣ ಬಿಡುಗಡೆಯಾಗುತ್ತದೆ. ಅದು ನೀರಿನಲ್ಲಿ ಕರಗಿ ಮೇಲೆ ಬರುತ್ತದೆ. ನೀರು ಆರಿದಾಗ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿ ಬಿಳಿಯ ಹೊರಪದರವಾಗಿ ಕೂರುತ್ತದೆ. ಮರಳಿನಲ್ಲಿ, ನೀರಿನಲ್ಲಿ, ಸಿಮೆಂಟಿನಲ್ಲಿ ಇರುವ ಸೋಡಿಯಂ, ಪೊಟ್ಯಾಸಿಯಂ ಲವಣಗಳೂ ಇದೇ ದಾರಿ ಹಿಡಿಯುತ್ತವೆ.

ಪುಡಿ ಯಾವುದೆಂದು ತಿಳಿಯುವುದು ಸುಲಭ. ಸ್ವಲ್ಪ ಪುಡಿಯನ್ನು ಕೆರೆದು ನೀರಿಗೆ ಹಾಕಿದಾಗ ಕರಗಿದರೆ ಅದು ಸಾಧಾರಣ ಲವಣ. ಕರಗದೆ, ನಿಂಬೆರಸಕ್ಕೆ ನೊರೆಯೆದ್ದರೆ ಸುಣ್ಣದ ಪದರ.

ಇಂತಹ ಪುಡಿ ಕಂಡೊಡನೆ ದಿನವೂ ನೀರು ಸುರಿದು ತೊಳೆಯುವುದು ಸಾಮಾನ್ಯವಾಗಿ ಆಗುವ ತಪ್ಪು. ಪುಡಿ ಕರಗಿ ಮತ್ತೆ ಕಲ್ಲಿನೊಳಗೆ ಇಳಿಯುತ್ತದೆ. ಆರಿದಾಗ ಮತ್ತೆ ಮೇಲೇಳುತ್ತದೆ. ಬಯಲುಸೀಮೆಯ ಆಳದ ಕೊಳವೆ ಬಾವಿಗಳ ನೀರು ಬಹುಪಾಲು ಗಡಸು ಎಂಬುದೂ ಇಲ್ಲಿ ಮುಖ್ಯ. ಕುಡಿಯುವ ನೀರಿನ ಭಾರತೀಯ ಮಾನದಂಡವು ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರದಿರಲಿ ಎನ್ನುತ್ತದೆ. ಬೇರೆ ಮೂಲವಿಲ್ಲದಿದ್ದಾಗ 600ರವರೆಗೆ ಒಪ್ಪುತ್ತದೆ. 600ರ ಮಟ್ಟದ ನೀರನ್ನು 10 ಲೀಟರಿನ ಒಂದು ಬಕೆಟ್ ಅಂಗಳದಲ್ಲಿ ಆರಲು ಬಿಟ್ಟರೆ ಸುಮಾರು 6 ಗ್ರಾಂ ಸುಣ್ಣದ ಅಂಶ ಕಲ್ಲಿನ ಮೇಲೆಯೇ ಉಳಿಯುತ್ತದೆ. ಕಲೆ ತೆಗೆಯಲು ಸುರಿದ ನೀರೇ ಹೊಸ ಕಲೆಯಾಗುತ್ತದೆ.

ಸರಿಯಾದ ಕ್ರಮವೆಂದರೆ ಪುಡಿ ಸಂಪೂರ್ಣ ಒಣಗಿದಾಗ ಗಟ್ಟಿ ಪೊರಕೆಯಿಂದ ಅಥವಾ ನೈಲಾನ್ ಬ್ರಷ್‌ನಿಂದ ಒಣದಾಗಿಯೇ ಉಜ್ಜಿ, ಗುಡಿಸಿ ಹೊರಗೆ ಹಾಕುವುದು. ತಂತಿಯ ಬ್ರಷ್ ಬಳಸಬಾರದು. ಅದರ ಕಬ್ಬಿಣದ ಚೂರುಗಳು ಉಳಿದು ತುಕ್ಕಿನ ಕಲೆಗೆ ಕಾರಣವಾಗುತ್ತವೆ. ವಾರಕ್ಕೊಮ್ಮೆ ಹೀಗೆ ಮಾಡುತ್ತ ಬಂದರೆ ಗಾರೆ ಒಣಗಿದಂತೆ ಉಪ್ಪು ಹೊಮ್ಮುವುದು ತಾನಾಗಿ ಕಡಿಮೆಯಾಗುತ್ತದೆ.

ಕಪ್ಪು ಅಂಚು: ಉಳಿದ ತೇವ

ಚಿತ್ರಕ್ಕೆ ಚೌಕಟ್ಟು ಹಾಕಿದಂತೆ ಪ್ರತಿ ಚಪ್ಪಡಿಯ ಸುತ್ತಲೂ ಕಪ್ಪು ಅಂಚು ಕಂಡರೆ ಅದು ಬಣ್ಣವಲ್ಲ, ತೇವ. ಸಂದುಗಳಲ್ಲಿ ಇಳಿದ ನೀರನ್ನು ಕಲ್ಲಿನ ಕೊಯ್ದ ಅಂಚು ಬೇಗ ಹೀರುತ್ತದೆ. ನಡುಭಾಗ ಒಣಗಿದರೂ ಅಂಚು ಒದ್ದೆಯಾಗಿಯೇ ಉಳಿಯುತ್ತದೆ. ಖಚಿತಪಡಿಸಿಕೊಳ್ಳಲು ಒಂದು ಚದರ ಅಡಿ ಪಾಲಿಥೀನ್ ಹಾಳೆಯನ್ನು ಕಲ್ಲಿನ ಮೇಲೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಒಳಗೆ ಹನಿ ಕಟ್ಟಿದರೆ ಅಥವಾ ಕಲ್ಲು ಇನ್ನಷ್ಟು ಕಪ್ಪಾದರೆ ಒಳಗೆ ತೇವವಿದೆ ಎಂದರ್ಥ. ಇದಕ್ಕೆ ಬಿಸಿಲು ಮತ್ತು ಕಾಲಾವಕಾಶವೇ ಔಷಧ.

ಒಂದು ಬೇಸಿಗೆ ಕಳೆದರೂ ಅಂಚು ಹಾಗೆಯೇ ಇದ್ದರೆ ನೀರು ಎಲ್ಲೋ ನಿಲ್ಲುತ್ತಿದೆ. ಅಂಗಳದ ಇಳಿಜಾರು ಸಾಲದಿರಬಹುದು. 10 ಅಡಿ ಉದ್ದಕ್ಕೆ ಕನಿಷ್ಠ ಒಂದೂವರೆ ಇಂಚು ಇಳಿಜಾರು ಇರಬೇಕು. ಕೈತೋಟದ ಮಣ್ಣು ಕಲ್ಲುಹಾಸಿಗಿಂತ ಎತ್ತರವಿದ್ದು ಅದರ ನೀರು ಕಲ್ಲಿನಡಿಗೆ ಹರಿಯುತ್ತಿರಬಹುದು. ನಲ್ಲಿಯ ಕೊಳವೆ ಸೋರುತ್ತಿರಲೂಬಹುದು.

ಅಂಚಿನ ಬದಲು ಚಪ್ಪಡಿಯ ನಾಲ್ಕು ಮೂಲೆಗಳಲ್ಲಿ ಮತ್ತು ನಡುವೆ ದುಂಡನೆಯ ಗುರುತು ಕಂಡರೆ ಕಾರಣ ಬೇರೆ. ಗಾರೆಯನ್ನು ಪೂರ್ತಿ ಹರಡದೆ ಐದು ಕಡೆ ಉಂಡೆ ಇಟ್ಟು ಕಲ್ಲು ಕೂರಿಸಿದಾಗ ಹೀಗಾಗುತ್ತದೆ. ಉಂಡೆಗಳ ನಡುವಿನ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ, ಭಾರ ಬಿದ್ದಾಗ ಕಲ್ಲು ಒಡೆಯುತ್ತದೆ. ಇದು ಕೆಲಸದ ದೋಷ; ಆ ಕಲ್ಲುಗಳನ್ನು ಎಬ್ಬಿಸಿ ಮತ್ತೆ ಕೂರಿಸುವುದೊಂದೇ ಪರಿಹಾರ.

ಹಳದಿ, ಕಂದು ಮಚ್ಚೆ: ಕಬ್ಬಿಣ

ಗ್ರಾನೈಟ್‌ನಲ್ಲಿ ಕಾಣುವ ಕಪ್ಪು ಚುಕ್ಕೆಗಳಲ್ಲಿ ಕಪ್ಪು ಅಭ್ರಕವೂ ಸೇರಿರುತ್ತದೆ. ಅದರಲ್ಲಿ ಕಬ್ಬಿಣದ ಅಂಶವಿದೆ. ನೀರು, ಗಾಳಿ ತಾಗಿದಾಗ ಅದು ತುಕ್ಕಾಗಿ ಸುತ್ತಲೂ ಹಳದಿ ಬಣ್ಣ ಬಿಡಬಹುದು. ಆದರೆ ಎಲ್ಲ ತುಕ್ಕೂ ಕಲ್ಲಿನ ಒಳಗಿನದಲ್ಲ. ಹೊಸ ಮನೆಯಲ್ಲಿ ಗೇಟು, ಕಿಟಕಿಯ ಸರಳುಗಳನ್ನು ಅಂಗಳದಲ್ಲೇ ಕೊಯ್ದು ಬೆಸುಗೆ ಹಾಕುವುದು ರೂಢಿ. ಆಗ ಹಾರುವ ಕಬ್ಬಿಣದ ಪುಡಿ ಕಲ್ಲಿನ ಮೇಲೆ ಬಿದ್ದು ಮೊದಲ ಮಳೆಗೇ ತುಕ್ಕು ಹಿಡಿಯುತ್ತದೆ. ಕಂಬಿ ಕಟ್ಟುವ ತಂತಿಯ ತುಂಡು, ಮೊಳೆಗಳೂ ಹೀಗೆಯೇ ಕಲೆ ಮಾಡುತ್ತವೆ. ಮಚ್ಚೆಗಳು ಗೇಟಿನ ಬಳಿ ಹೆಚ್ಚಿದ್ದು ದೂರ ಹೋದಂತೆ ಕಡಿಮೆಯಾದರೆ ಕಲ್ಲನ್ನು ದೂರಬೇಕಾಗಿಲ್ಲ.

ಈ ಭಾಗದ ಕೆಂಪು ಮಣ್ಣಿನ ಬಣ್ಣಕ್ಕೂ ಕಬ್ಬಿಣದ ಆಕ್ಸೈಡೇ ಕಾರಣ. ಕೆರೆಯಂಗಳ, ಹೊಲಗಳ ಮಣ್ಣನ್ನು ತೊಳೆದು ತೆಗೆಯುವ ‘ಫಿಲ್ಟರ್ ಮರಳು’ ಬೆಂಗಳೂರು ಗ್ರಾಮಾಂತರ ಹಾಗೂ ಕೋಲಾರ ಜಿಲ್ಲೆಗಳಲ್ಲಿ ಹಲವು ಬಾರಿ ಸುದ್ದಿಯಾದ ಅಕ್ರಮ ವಸ್ತು. ಸರಿಯಾಗಿ ತೊಳೆಯದ ಇಂತಹ ಮರಳಿನ ಗಾರೆಯಲ್ಲಿ ಜೇಡಿ ಮತ್ತು ಕೆಂಪು ಮಣ್ಣು ಉಳಿದಿರುತ್ತವೆ. ಅಗ್ಗದ ಮರಳು ಕೆರೆಯನ್ನೂ ಕೆಡಿಸಿ ಅಂಗಳವನ್ನೂ ಕೆಡಿಸುತ್ತದೆ.

ಮೇಲ್ಮೈಯ ತುಕ್ಕನ್ನು ಕಲ್ಲಿಗೆಂದೇ ತಯಾರಿಸಿದ, ಹೈಡ್ರೋಕ್ಲೋರಿಕ್ ಆಮ್ಲವಿಲ್ಲದ ತುಕ್ಕು ನಿವಾರಕಗಳಿಂದ ತೆಗೆಯಬಹುದು. ಕಲ್ಲಿನೊಳಗಿನ ಕಬ್ಬಿಣದ ಕಲೆಯನ್ನು ಮಂಕಾಗಿಸಬಹುದೇ ಹೊರತು ಪೂರ್ತಿ ನಿವಾರಿಸುವುದು ಕಷ್ಟ. ತೇವ ಉಳಿದಿರುವವರೆಗೆ ಅದು ಮರುಕಳಿಸುತ್ತದೆ.

ಅರಿಶಿನ, ಎಣ್ಣೆ, ಎಲೆ

ಗೃಹಪ್ರವೇಶದ ದಿನವೇ ಬೀಳುವ ಕಲೆಗಳೂ ಇವೆ. ಅರಿಶಿನದ ಕಲೆ ಕಂಡೊಡನೆ ಸೋಪು ಅಥವಾ ವಾಷಿಂಗ್ ಸೋಡಾ ಹಾಕಿ ತಿಕ್ಕಿದರೆ ಅದು ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದರ ಹಿಂದೆ ಇರುವುದೂ ಇದೇ ಗುಣ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲದು. ಬರಿಯ ನೀರಿನಲ್ಲಿ ತೊಳೆದು ಕೆಲವು ದಿನ ಬಿಸಿಲಿಗೆ ಬಿಟ್ಟರೆ ಬಹುಮಟ್ಟಿಗೆ ಮಾಸುತ್ತದೆ.

ದೀಪದ ಎಣ್ಣೆ, ವಾಹನದ ಎಣ್ಣೆಗೆ ಲೇಪ ಹಾಕುವ ವಿಧಾನವಿದೆ. ಟಾಲ್ಕ್ ಪುಡಿ ಅಥವಾ ಬಿಳಿ ಜೇಡಿ ಮಣ್ಣಿಗೆ ಅಡುಗೆ ಸೋಡಾ ಮತ್ತು ನೀರು ಸೇರಿಸಿ ಗಟ್ಟಿ ಹಿಟ್ಟಿನ ಹದಕ್ಕೆ ಕಲಸಬೇಕು. ಕಲೆಯ ಮೇಲೆ, ಅದರ ಸುತ್ತ ಒಂದಿಷ್ಟು ಹೆಚ್ಚಾಗಿಯೇ, ಕಾಲು ಇಂಚು ದಪ್ಪ ಬಳಿದು ಪಾಲಿಥೀನ್ ಮುಚ್ಚಿ ಅಂಚಿಗೆ ಟೇಪು ಹಾಕಬೇಕು. 24ರಿಂದ 48 ಗಂಟೆಗಳ ನಂತರ ಹಾಳೆ ತೆಗೆದು, ಲೇಪ ಪೂರ್ತಿ ಒಣಗಲು ಬಿಟ್ಟು, ಮರದ ಪಟ್ಟಿಯಿಂದ ಕೆರೆದು ತೆಗೆಯಬೇಕು. ಒಣಗುವ ಲೇಪ ಕಲ್ಲಿನೊಳಗಿನ ಎಣ್ಣೆಯನ್ನು ತನ್ನತ್ತ ಹೀರಿಕೊಳ್ಳುತ್ತದೆ. ಹಳೆಯ ಕಲೆಗೆ ಎರಡು ಮೂರು ಬಾರಿ ಹೀಗೆ ಮಾಡಬೇಕಾಗಬಹುದು.

ಉದುರಿದ ಎಲೆ, ಹೂವುಗಳು ಮಳೆಯಲ್ಲಿ ಕೊಳೆತು ಬಿಡುವ ಕಂದು ಬಣ್ಣಕ್ಕೂ, ಎಲೆ ಅಡಿಕೆಯ ಉಗುಳಿಗೂ ಅಡುಗೆ ಸೋಡಾ ಬದಲು ಔಷಧ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕಲಸಿದ ಲೇಪ ಸೂಕ್ತ. ಕಪ್ಪು ಕಲ್ಲಿನ ಮೇಲೆ ಅದು ಬಿಳಿಚಿಕೊಂಡ ಗುರುತು ಬಿಡಬಹುದಾದ್ದರಿಂದ ಯಾವುದೇ ಲೇಪವನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸುವುದು ಕ್ಷೇಮ.

ಆಸಿಡ್ ಏಕೆ ಬೇಡ?

ಅಂಗಡಿಗಳಲ್ಲಿ ಸಿಗುವ ಆಸಿಡ್ ಬಹುಪಾಲು ಹೈಡ್ರೋಕ್ಲೋರಿಕ್ ಆಮ್ಲ. ಕಡಪ, ಶಹಾಬಾದ್, ಕೋಟಾ ಕಲ್ಲುಗಳ ಮೇಲೆ ಬಿದ್ದರೆ ಅದು ಕಲ್ಲನ್ನೇ ಕರಗಿಸಿ ಮೇಲ್ಮೈಯನ್ನು ಮಂಕಾಗಿಸುತ್ತದೆ. ಆ ಹಾನಿಯನ್ನು ತೊಳೆದು ಸರಿಪಡಿಸಲಾಗದು. ಗ್ರಾನೈಟ್ ಮೇಲೆ ಹಾಕಿದಾಗ ಮೊದಲ ದಿನ ಕಲ್ಲು ಫಳಫಳ ಹೊಳೆಯುತ್ತದೆ. ಆದರೆ ಆಮ್ಲವು ಕಪ್ಪು ಅಭ್ರಕದಿಂದ ಕಬ್ಬಿಣವನ್ನು ಬಿಡಿಸಿರುತ್ತದೆ. ಕೆಲವು ವಾರಗಳಲ್ಲಿ ಅದು ತುಕ್ಕಾಗಿ ಇಡೀ ಅಂಗಳ ಹಳದಿಗೆ ತಿರುಗಬಹುದು. ಸಂದಿನ ಸಿಮೆಂಟಿನೊಡನೆ ಸೇರಿ ಉಂಟಾಗುವ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಲವಣ. ಹೀಗಾಗಿ ಕಲ್ಲು ಇನ್ನಷ್ಟು ಕಾಲ ಒದ್ದೆಯಾಗಿಯೇ ಉಳಿಯುತ್ತದೆ.

ಇದಕ್ಕಿಂತ ಗಂಭೀರವಾದುದು ಮನುಷ್ಯರ ಮಾತು. ಆಸಿಡ್ ಹಾಕಿ ತಿಕ್ಕುವ ಕೆಲಸ ಸಾಮಾನ್ಯವಾಗಿ ಬರಿಗೈ, ಬರಿಗಾಲಿನ ಕೂಲಿಯಾಳಿನ ಪಾಲಿಗೆ ಬರುತ್ತದೆ. ಅದರ ಹೊಗೆ ಕಣ್ಣು, ಶ್ವಾಸಕೋಶಗಳನ್ನು ಸುಡುತ್ತದೆ. ಬ್ಲೀಚಿಂಗ್ ಪೌಡರಿನೊಡನೆ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಇವೆರಡನ್ನು ಯಾವ ಕಾರಣಕ್ಕೂ ಒಟ್ಟಿಗೆ, ಅಥವಾ ಒಂದರ ಹಿಂದೊಂದರಂತೆ ಬಳಸಕೂಡದು.

ಹೊಳಪು ಬರುವ ಸೀಲರ್ ಬಳಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ತೇವ ಇರುವಾಗಲೇ ಸೀಲರ್ ಹಾಕಿದರೆ ನೀರು, ಉಪ್ಪು ಎರಡೂ ಒಳಗೇ ಸಿಕ್ಕಿಕೊಂಡು ಕಲೆ ನಿಲ್ಲುತ್ತದೆ. ಪಾಲಿಥೀನ್ ಪರೀಕ್ಷೆಯಲ್ಲಿ ಹನಿ ಕಟ್ಟದಿದ್ದ ಮೇಲಷ್ಟೇ, ಅದೂ ಆವಿಯನ್ನು ಹೊರಬಿಡುವ ಬಗೆಯ ಸೀಲರನ್ನು ಬಳಸುವುದು ಯುಕ್ತ.

ಯಾರ ತಪ್ಪು, ಯಾರ ಹೊಣೆ?

ಮೇಲಿನ ವಿವರಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಿಳಿಯ ಪುಡಿ ಮತ್ತು ಕಪ್ಪು ಅಂಚು ಒಳ್ಳೆಯ ಕಲ್ಲಿನಲ್ಲೂ ಒಳ್ಳೆಯ ಕೆಲಸದಲ್ಲೂ ಮೊದಲ ತಿಂಗಳುಗಳಲ್ಲಿ ಬರಬಹುದು. ಅಷ್ಟಕ್ಕೇ ಮೇಸ್ತ್ರಿಯ ಕೂಲಿ ತಡೆಯುವುದು ನ್ಯಾಯವಲ್ಲ. ಉಂಡೆ ಗಾರೆಯ ಗುರುತು, ಸಾಲದ ಇಳಿಜಾರು, ಮಣ್ಣು ಬೆರೆತ ಮರಳು ಇವು ದೋಷಗಳು. ಆದರೆ ಮರಳು, ನೀರು ತಂದುಕೊಟ್ಟವರು ಯಾರು, ಅವಸರಪಡಿಸಿದವರು ಯಾರು ಎಂಬುದನ್ನೂ ನೋಡಬೇಕಾಗುತ್ತದೆ. ಮುಹೂರ್ತಕ್ಕೆ ಮುಗಿಯಬೇಕೆಂದು ಸುರಿಯುವ ಮಳೆಯಲ್ಲೇ ಕಲ್ಲು ಹಾಸಿಸಿದವರು ಫಲವನ್ನು ಮೇಸ್ತ್ರಿಯೊಬ್ಬನ ತಲೆಗೆ ಕಟ್ಟಲಾಗದು.

ಜಗಳಕ್ಕೆ ಎಡೆಯಾಗದಂತೆ ಮೊದಲೇ ಕೆಲವು ಕ್ರಮ ಕೈಗೊಳ್ಳಬಹುದು. ಕಲ್ಲು ಕೊಳ್ಳುವಾಗ ಒಂದು ತುಂಡನ್ನು ಅರ್ಧ ನೀರಿನಲ್ಲಿ ಮುಳುಗಿಸಿಟ್ಟು ಒಂದೆರಡು ವಾರ ನೋಡಿದರೆ ತುಕ್ಕು ಬಿಡುವ ಕಲ್ಲು ಅನೇಕ ವೇಳೆ ತನ್ನ ಗುಣ ತೋರುತ್ತದೆ. ಗಾಜಿನ ಲೋಟದಲ್ಲಿ ಮರಳು, ನೀರು ಹಾಕಿ ಕಲಕಿಟ್ಟರೆ ಮೇಲೆ ಕೂರುವ ಮಣ್ಣಿನ ಪದರ ಕಣ್ಣಿಗೆ ಬೀಳುತ್ತದೆ. ಭಾರತೀಯ ಮಾನದಂಡ ಐ.ಎಸ್. 456 ಕಬ್ಬಿಣವಿಲ್ಲದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 2000 ಮಿಲಿಗ್ರಾಂವರೆಗೂ ಕ್ಲೋರೈಡನ್ನು ಒಪ್ಪುತ್ತದೆ. ಅದು ಬಲಕ್ಕೆ, ಬಾಳಿಕೆಗೆ ಸಂಬಂಧಿಸಿದ ಮಿತಿಯೇ ಹೊರತು ಕಲೆ ಬಾರದೆಂಬ ಭರವಸೆಯಲ್ಲ. ಸಾಧ್ಯವಿದ್ದಲ್ಲಿ ಸಂಗ್ರಹಿಸಿದ ಮಳೆನೀರನ್ನು ಗಾರೆಗೆ ಬಳಸುವುದು ಲೇಸು. ಕಲ್ಲಿನ ಬೆನ್ನಿಗೆ ಪೂರ್ತಿ ಗಾರೆ ಹತ್ತಬೇಕು, ಬೆಸುಗೆಯ ಕೆಲಸ ಕಲ್ಲು ಹಾಸುವ ಮೊದಲೇ ಮುಗಿಯಬೇಕು ಎಂಬ ಮಾತುಗಳನ್ನು ಕೆಲಸ ಒಪ್ಪಿಸುವಾಗಲೇ ಕಾಗದದ ಮೇಲೆ ಬರೆದುಕೊಳ್ಳಬೇಕು.

ಹಾಗಿದ್ದೂ ದೋಷ ಕಂಡುಬಂದು ಮಾತುಕತೆ ಫಲಿಸದಿದ್ದರೆ, ಹಣ ಪಡೆದು ಕೊಟ್ಟ ವಸ್ತು ಮತ್ತು ಸೇವೆಯ ನ್ಯೂನತೆಯ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಆಗ ನೆರವಿಗೆ ಬರುವುದು ರಸೀದಿ, ಒಪ್ಪಂದದ ಕಾಗದ ಮತ್ತು ಕಲೆ ಮೂಡಿದ ದಿನದಿಂದ ತೆಗೆದ ಛಾಯಾಚಿತ್ರಗಳು. ಆಸಿಡ್ ಸುರಿದ ಕಲ್ಲಿನಲ್ಲಿ ಮೂಲ ದೋಷ ಯಾವುದು, ಆಸಿಡ್ ಮಾಡಿದ ಹಾನಿ ಯಾವುದು ಎಂದು ಬೇರ್ಪಡಿಸುವುದು ಕಠಿಣ, ಸಾಕ್ಷ್ಯವೇ ಕೆಟ್ಟುಹೋಗಿರುತ್ತದೆ.

ಆದ್ದರಿಂದ ಹೊಸ ಕಲ್ಲಿನ ಮೇಲೆ ಕಲೆ ಕಂಡಾಗ ಮೊದಲು ಮಾಡಬೇಕಾದುದು ಇಷ್ಟೇ: ಚಿತ್ರ ತೆಗೆದಿಡುವುದು, ಬಣ್ಣ ಮತ್ತು ಜಾಗ ಗುರುತಿಸುವುದು, ಒಣಗಲು ಬಿಡುವುದು. ಒಂದು ಬೇಸಿಗೆ ಕಳೆದ ನಂತರವೂ ಉಳಿದ ಕಲೆಗೆ ಮಾತ್ರ ಚಿಕಿತ್ಸೆಯ ಅಗತ್ಯವಿರುತ್ತದೆ. ಅಲ್ಲಿಯವರೆಗೆ ಕಾಯುವ ತಾಳ್ಮೆಯಿದ್ದರೆ ಕಲ್ಲೂ ಉಳಿಯುತ್ತದೆ, ಮೇಸ್ತ್ರಿಯೊಡನೆ ಮಾತೂ ಉಳಿಯುತ್ತದೆ.